ಗಂಜಿ ಹಾಕಿದ ಡೇರೆ

ಬಟ್ಟೆಯನ್ನು ನೆನೆಸದೆ ಕತ್ತರಿ ಹಾಕುವ ಅಭ್ಯಾಸ ನನಗಿಲ್ಲ. ರವಿಕೆಯ ಲೈನಿಂಗ್ ಇರಲಿ, ಸೀರೆಯ ಫಾಲ್ಸ್ ಇರಲಿ, ಮೊದಲು ಬಕೆಟ್ಟಿಗೆ, ಆಮೇಲೆ ಹಗ್ಗಕ್ಕೆ, ಆಮೇಲೆ ಇಸ್ತ್ರಿಗೆ, ಕೊನೆಗೆ ಕತ್ತರಿಗೆ. ಮೈಸೂರಿನಲ್ಲಿ ಅಮ್ಮ ಕಲಿಸಿದ ಕ್ರಮ ಇದು. ಹಾಗಾಗಿ ಮಗಳು ಕಾರಿನ ಡಿಕ್ಕಿಯಿಂದ ಲಿನನ್ ಕ್ಯಾನ್ವಾಸಿನ ದೊಡ್ಡ ಸುರುಳಿಯನ್ನು ಉಸ್ಸಪ್ಪಾ ಎಂದು ಇಳಿಸಿದ ದಿನ ನಾನು ಅಳತೆ ಟೇಪು ಹುಡುಕಲಿಲ್ಲ. ಸೀದಾ ಬಾತ್‌ಟಬ್ಬಿನ ನಲ್ಲಿ ತಿರುಗಿಸಿದೆ.

"ಅಮ್ಮಾ, ವೇಟ್. ಇದು ಟೆಂಟ್. ಬ್ಲೌಸ್ ಅಲ್ಲ."

"ಬಟ್ಟೆ ಬಟ್ಟೇನೇ ಕಣೇ. ಹೊಲಿದಾದ್ಮೇಲೆ ಕುಗ್ಗಿದ್ರೆ ನಿನ್ನ ಕಾಲು ಆಚೆ ಬರುತ್ತೆ ಅಷ್ಟೆ."

ಮಗಳು ಇಲಿನಾಯ್‌ನ ಪ್ಲೇನ್‌ಫೀಲ್ಡ್‌ನಲ್ಲಿ ಮಿಡಲ್ ಸ್ಕೂಲ್ ಮಕ್ಕಳಿಗೆ ಚರಿತ್ರೆ ಪಾಠ ಮಾಡುತ್ತಾಳೆ. ಪಾಠ ಮಾಡಿ ಸುಮ್ಮನಿರುವ ಪೈಕಿಯಲ್ಲ. ವಾರಾಂತ್ಯ ಬಂತೆಂದರೆ ಇನ್ನೂರೈವತ್ತು ವರ್ಷ ಹಿಂದಿನ ಕಾಲವನ್ನು ಬದುಕಿ ತೋರಿಸುವ ಒಂದು ಗುಂಪಿನ ಜೊತೆ ಕಾಡಿನಂಚಿಗೆ ಹೋಗುತ್ತಾಳೆ. ಮಿಶಿಗನ್ನಿನ ಸರೋವರಗಳ ದಂಡೆಯಲ್ಲಿ ತುಪ್ಪಳದ ವ್ಯಾಪಾರ ನಡೆಯುತ್ತಿದ್ದ ಕಾಲ ಅದು. ಅಲ್ಲಿ ಉಡುವುದು, ಬೇಯಿಸುವುದು, ಮಲಗುವುದು ಎಲ್ಲವೂ ಆ ಕಾಲದಂತೆಯೇ ಆಗಬೇಕು. ಜಿಪ್ಪು, ನೈಲಾನು, ಹಿತ್ತಾಳೆ ರಿಂಗು ಏನೂ ಕೂಡದು. ಸಾಲಾಗಿ ನಿಂತ ಡೇರೆಗಳ ಸುತ್ತ ಒಂದು ಹಗ್ಗ ಕಟ್ಟಿರುತ್ತಾರೆ. ನೋಡಲು ಬಂದವರು ಹಗ್ಗದ ಆಚೆ, ಗುಂಪಿನವರು ಈಚೆ.

ಮಗಳು ಎರಡು ಬೇಸಿಗೆ ಆ ಗುಂಪಿನಲ್ಲಿ ಕಲಿಕೆಯವಳಾಗಿದ್ದಳು. ಹಗಲೆಲ್ಲ ಒಲೆ ಉರಿಸಿ, ನೀರು ಹೊತ್ತು, ಕತ್ತಲಾದ ಮೇಲೆ ಮರಗಳ ಹಿಂದೆ ಅಡಗಿಸಿಟ್ಟ ನೈಲಾನ್ ಟೆಂಟಿಗೆ ಹೋಗಿ ಮಲಗಬೇಕಿತ್ತು. ಸಾಲಿನಲ್ಲಿ ಜಾಗ ಬೇಕೆಂದರೆ ಕೈಯಲ್ಲೇ ಹೊಲಿದ ಸ್ವಂತ ಡೇರೆ ತರಬೇಕು, ಅದು ತಪಾಸಣೆಯಲ್ಲಿ ಪಾಸಾಗಬೇಕು. ಮೂರನೆಯ ಬೇಸಿಗೆಯ ಮೊದಲ ಶಿಬಿರದೊಳಗೆ ಆಗಲಿಲ್ಲವೋ, ಹೆಸರು ಬಿಟ್ಟುಹೋಗುತ್ತದೆ. ಆ ಶಿಬಿರ ಜೂನ್‌ನಲ್ಲಿತ್ತು.

"ಎಸಿ ಇರೋ ಮನೆ ಬಿಟ್ಟು ಸೊಳ್ಳೆ ಕೈಲಿ ಕಚ್ಚಿಸ್ಕೊಳ್ಳೋಕೆ ಇಷ್ಟು ಪರದಾಟವಾ?" ಎಂದು ನಾನೇ ಎಷ್ಟೋ ಸಲ ಬೈದಿದ್ದೆ. ಒಂದು ಸಲ ಅವಳಿಗೆ ರೇಗಿತು.

"ಅಮ್ಮಾ, ಐ ವಾಸ್ ಬಾರ್ನ್ ಹಿಯರ್. ಅಲ್ಲಿ ಬರೋವ್ರೆಲ್ಲ ನಂಗೆ ಕೇಳೋದು ಒಂದೇ: ಆ ಕಾಲದಲ್ಲಿ ನಿನ್ನಂಥವಳಿಗೆ ಇಲ್ಲೇನು ಕೆಲಸ ಅಂತ. ಹಗ್ಗದ ಹೊರಗೆ ನಿಂತು ಆನ್ಸರ್ ಮಾಡಿ ಮಾಡಿ ಸಾಕಾಗಿದೆ. ಐ ವಾಂಟ್ ಟು ಆನ್ಸರ್ ಫ್ರಮ್ ಮೈ ಓನ್ ಡೋರ್."

ಈ ಮಾತು ನನಗೆ ನಾಟಿತು. ನಮಗೆ ಇದು ಬಂದು ಸೇರಿದ ಊರು. ಅವಳಿಗೆ ಇದೇ ಊರು, ಇಲ್ಲಿನ ಹಳೆಯ ಕಾಲವೇ ಅವಳ ಊರಿನ ಹಳೆಯ ಕಾಲ. ಅದಲ್ಲದೆ ನಾವಿರುವ ಮಿಶಿಗನ್ನಿನ ಸ್ಟರ್ಲಿಂಗ್ ಹೈಟ್ಸ್‌ನ ಕಾರಿನ ಸೀಟಿನ ಕಾರ್ಖಾನೆಯಲ್ಲಿ ಯಾವ ಅಂಚನ್ನು ಯಾವ ದಾರದಲ್ಲಿ ಎಷ್ಟು ಬಿಗಿಯಾಗಿ ಹೊಲಿಯಬೇಕೆಂದು ನಿರ್ಧರಿಸುವುದೇ ನನ್ನ ಕೆಲಸ. ಹೊಲಿಗೆಯ ವಿಷಯದಲ್ಲಿ ನನ್ನ ಮಗಳು ಫೇಲಾದಳು ಎನ್ನಿಸಿಕೊಳ್ಳಲು ನಾನಂತೂ ತಯಾರಿರಲಿಲ್ಲ.

ನೆನೆಸಿದ ಬಟ್ಟೆಯನ್ನು ಬೇಸ್‌ಮೆಂಟಿನಲ್ಲಿ ಈ ಗೋಡೆಯಿಂದ ಆ ಗೋಡೆಗೆ ಹಗ್ಗ ಕಟ್ಟಿ ಒಣಹಾಕಿದೆವು. ಹೊರಗೆ ಹಿಮ ಬಿದ್ದಿತ್ತು. ಒಣಗಿದ ಮೇಲೆ ನೋಡಿದರೆ ಅಗಲದಲ್ಲೂ ಉದ್ದದಲ್ಲೂ ಚೆನ್ನಾಗಿ ಕುಗ್ಗಿತ್ತು, ನಾನು ಗೆದ್ದೆ ಎಂದುಕೊಂಡೆ. ಆದರೆ ಕೈಯಲ್ಲಿ ಹಿಡಿದರೆ ಜೋತುಬೀಳುತ್ತಿತ್ತು. ಮಗ್ಗದಿಂದ ಬಂದಾಗ ಇದ್ದ ಬಿರುಸೆಲ್ಲ ನೀರಿನಲ್ಲಿ ಹೋಗಿ ಹಳೇ ಪಂಚೆಯ ಹಾಗಾಗಿತ್ತು. ಗೆರೆ ಎಳೆದರೆ ವಕ್ರ, ಮಡಚಿದರೆ ಜಾರಾಟ.

ಹತ್ತಿ ಸೀರೆ ಹೀಗಾದರೆ ಏನು ಮಾಡುತ್ತೇವೆ? ಅದನ್ನೇ ಮಾಡಿದೆ. ದೊಡ್ಡ ಪಾತ್ರೆಯಲ್ಲಿ ಸೋನಾಮಸೂರಿ ಅಕ್ಕಿ ಬೇಯಿಸಿ, ಗಂಜಿ ಬಸಿದು, ಸೋಸಿ, ಒಂದೊಂದೇ ತುಂಡನ್ನು ಅದರಲ್ಲಿ ಅದ್ದಿ ಹಿಂಡಿದೆ.

"ಅವ್ರು ಟೆಂಟಿಗೆ ಸ್ಟಾರ್ಚ್ ಹಾಕ್ತಿದ್ರಾ?" ಎಂದಳು ಮಗಳು ಅನುಮಾನದಿಂದ.

"ಅವ್ರಿಗೆ ಅನ್ನ ಮಾಡೋಕೆ ಬರ್ತಿರಲಿಲ್ಲ, ಅದಕ್ಕೆ ಹಾಕ್ತಿರಲಿಲ್ಲ."

ಒಣಗಿದ ಮೇಲೆ ಬಟ್ಟೆ ಗರಿಗರಿಯಾಗಿ, ತಟ್ಟಿದರೆ ಸದ್ದು ಮಾಡುತ್ತಿತ್ತು. ಅವಳೂ ಮುಟ್ಟಿ ನೋಡಿ ತಲೆದೂಗಿದಳು. ಕತ್ತರಿ ಬೆಣ್ಣೆಯಲ್ಲಿ ಓಡಿದ ಹಾಗೆ ಓಡಿತು.

ಡೇರೆಯ ಆಕಾರ ಸರಳ. ಎರಡು ನೆಟ್ಟಗಿನ ಕಂಬ, ಅವುಗಳ ಮೇಲೆ ಅಡ್ಡಲಾಗಿ ಒಂದು ಗಳ, ಗಳದ ಮೇಲಿಂದ ಎರಡೂ ಕಡೆ ನೆಲದವರೆಗೆ ಇಳಿಯುವ ಬಟ್ಟೆ. ಬಟ್ಟೆಯ ಪಟ್ಟಿಗಳನ್ನು ಅಂಚಿನ ಮೇಲೆ ಅಂಚು ಕೂರಿಸಿ ಎರಡೂ ಬದಿ ಕೈಯಲ್ಲೇ ಹೆಮ್ಮಿಂಗ್ ಮಾಡಬೇಕು. ದಾರವನ್ನು ಜೇನುಮೇಣದ ಮೇಲೆ ಎಳೆದೆಳೆದು ನುಣುಪು ಮಾಡಿಕೊಳ್ಳಬೇಕು. ಸೂಜಿ ಗೋಣಿಚೀಲದ ಸೂಜಿಯಷ್ಟು ದಪ್ಪ. ಬೆರಳಿನಿಂದ ನೂಕಲಾಗದು, ಅಂಗೈಗೆ ಕಟ್ಟಿಕೊಂಡ ಚರ್ಮದ ಪಟ್ಟಿಯಿಂದ ನೂಕಬೇಕು. ಕೆಳಗಿನ ಅಂಚಿನಲ್ಲಿ ಹಗ್ಗ ತೂರಿಸುವ ದುಂಡು ಕಣ್ಣುಗಳು. ಅವಕ್ಕೆ ಬಟ್ಟೆ ಎರಡು ಪದರ ಮಾಡಿ, ತೂತು ಕೊರೆದು, ದಾರದಿಂದ ಸುತ್ತಲೂ ಗುಂಡಿಯ ಕಾಜಾದ ಹಾಗೆ ಹೊಲಿಯಬೇಕು. ನೋಡಲು ಇಷ್ಟೇ. ಮಾಡಲು ಕೂತರೆ ಹೆಗಲು ಬಿದ್ದುಹೋಗುತ್ತದೆ.

ಅರ್ಧ ಪಟ್ಟಿಗಳನ್ನು ಅವಳು ಪ್ಲೇನ್‌ಫೀಲ್ಡ್‌ಗೆ ಒಯ್ದಳು, ಅರ್ಧ ನನ್ನ ಹತ್ತಿರ. ಐ-94 ಹೆದ್ದಾರಿಯಲ್ಲಿ ಡ್ರೈವ್ ಮಾಡಿಕೊಂಡು ಅವಳು ಬಂದಾಗಲೆಲ್ಲ ಎರಡನ್ನೂ ನೆಲದ ಮೇಲೆ ಹಾಸಿ ನೋಡುತ್ತಿದ್ದೆವು. ಅವಳ ಮೊದಲ ಹೊಲಿಗೆಸಾಲು ಕುಡುಕ ನಡೆದ ದಾರಿಯಂತಿತ್ತು. ನಾನು ಕತ್ತರಿ ಹಿಡಿದು ಬಿಚ್ಚಲು ಶುರುಮಾಡಿದೆ. ಅವಳು ಕತ್ತರಿಯನ್ನು ಕಿತ್ತುಕೊಂಡಳು.

"ಅಮ್ಮಾ, ದೇ ವರ್‌ನ್ಟ್ ರನ್ನಿಂಗ್ ಎ ಕಾರ್ ಸೀಟ್ ಫ್ಯಾಕ್ಟರಿ ಬ್ಯಾಕ್ ದೆನ್. ಇದು ನನ್ನ ಟೆಂಟ್. ನನ್ನ ಹೊಲಿಗೆ ಇರುತ್ತೆ."

"ಇರ್ಲಿ. ಯಾರಾದ್ರೂ ಕೇಳಿದ್ರೆ ಆ ಕಡೆಯದು ನಾನು ಹೊಲಿದಿದ್ದಲ್ಲ ಅಂತ ಹೇಳ್ಬಿಡು."

ಮೇ ತಿಂಗಳ ಮೊದಲ ಬೆಚ್ಚಗಿನ ಶನಿವಾರ ಹಿತ್ತಲಲ್ಲಿ ನಿಲ್ಲಿಸಿದೆವು. ಮನೆಯವರು ಕೊಯ್ದು, ಸಿಪ್ಪೆ ತೆಗೆದು, ಉಜ್ಜಿ ನುಣುಪು ಮಾಡಿಟ್ಟಿದ್ದ ಕಂಬಗಳು. ನಮ್ಮ ಬಡಾವಣೆಯ ಒಂದೇ ಥರದ ಮನೆಗಳ ನಡುವೆ ಡೇರೆ ಎಷ್ಟು ಗತ್ತಿನಿಂದ ನಿಂತಿತ್ತೆಂದರೆ ನಾಯಿ ಅಡ್ಡಾಡಿಸಲು ಬಂದವರೆಲ್ಲ ನಿಂತು ಫೋಟೋ ತೆಗೆದರು. ನನಗೋ ಹಿಡಿಸಲಾರದ ಹೆಮ್ಮೆ.

ಸಂಜೆ ಮಳೆ ಬಂತು. ಹೊಸ ಡೇರೆ ಒಮ್ಮೆ ಪೂರ್ತಿ ನೆನೆಯಬೇಕು, ಆಗ ಎಳೆಗಳು ಉಬ್ಬಿ ಸೂಜಿಯ ತೂತುಗಳು ಮುಚ್ಚುತ್ತವೆ ಎಂದು ಓದಿದ್ದೆವು. ಸರಿ ಎಂದು ಇಬ್ಬರೂ ಒಳಗೆ ಕೂತೆವು. ಸ್ವಲ್ಪ ಹೊತ್ತಿಗೆ ನನ್ನ ಕೈಮೇಲೆ ಒಂದು ಹನಿ ಬಿತ್ತು. ಬೆಳ್ಳಗಿತ್ತು. ಮುಟ್ಟಿದರೆ ಅಂಟು. ಇನ್ನೊಂದು ಅವಳ ಕನ್ನಡಕದ ಮೇಲೆ. ಆಮೇಲೆ ಎಣಿಸುವ ಹಾಗಿರಲಿಲ್ಲ. ಗಂಜಿ ಕರಗಿ ಒಳಗೆ ಸುರಿಯುತ್ತಿತ್ತು. ಗೋಡೆಯೆಲ್ಲ ಲೋಳೆಯಾಗಿ, ನೀರು ಹೊರಗೆ ಜಾರುವ ಬದಲು ಅದರ ಜೊತೆ ಒಳಗೇ ಇಳಿಯಿತು.

"ಅಮ್ಮಾ," ಎಂದಳು ಮಗಳು, ಕೂದಲಿನಿಂದ ಗಂಜಿ ಒರೆಸಿಕೊಳ್ಳುತ್ತಾ, "ವಿ ಆರ್ ಇನ್‌ಸೈಡ್ ಎ ದೋಸಾ."

ನಗು ಬಂತು. ಆದರೆ ಆ ನಗು ಮರುದಿನಕ್ಕೆ ಉಳಿಯಲಿಲ್ಲ. ಮಳೆ ಬಿಡಲಿಲ್ಲ, ಒದ್ದೆಯನ್ನೇ ಮಡಚಿ ಗರಾಜಿಗೆ ಹಾಕಿ, ಅವಳು ಸ್ಕೂಲಿಗೆಂದು ಹೊರಟುಹೋದಳು. ನನಗೆ ಕಾರ್ಖಾನೆಯಲ್ಲಿ ಹೊಸ ಮಾಡೆಲ್ಲಿನ ಗಡಿಬಿಡಿ. ಬಿಡುವಾಗಿ ಗರಾಜಿನ ಬಾಗಿಲು ತೆರೆದಾಗ ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ಬಿಡಿಸಿ ನೋಡಿದರೆ ಗಳದ ಕೆಳಗೆ ಬರುವ ಭಾಗದ ತುಂಬ ಕಪ್ಪು ಚುಕ್ಕೆ. ಬೂಷ್ಟು. ಅನ್ನ ಹಾಕಿ ಸಾಕಿದ ಹಾಗೆ ಸಾಕಿದ್ದೆ, ಬೆಳೆಯದೆ ಏನು ಮಾಡುತ್ತೆ? ಚಳಿಗಾಲ ಪೂರ್ತಿ ಹೊಲಿದದ್ದರ ಮೇಲೆ ಕೂತು ಅತ್ತೆ.

ಫೋನಿನಲ್ಲಿ ಹೇಳಿದಾಗ ಮಗಳು ಬೈಯಲಿಲ್ಲ. ಅದು ಇನ್ನೂ ಸಂಕಟ.

"ಹೊಸ ಬಟ್ಟೆ ತರಿಸಿ ಹೊಲಿಯೋಕೆ ಟೈಮಿಲ್ಲ, ಅಮ್ಮಾ. ಇಟ್ಸ್ ಓಕೆ. ಗಂಜಿ ಕರಗಿ ಸುರಿಯೋ ಟೆಂಟ್ ತಗೊಂಡು ಹೋಗೋದಕ್ಕಿಂತ ಹೋಗದೇ ಇರೋದೇ ವಾಸಿ. ನಾಳೆ ಅವ್ರಿಗೆ ಬರೆದು ವಿತ್‌ಡ್ರಾ ಮಾಡ್ತೀನಿ."

"ಯಾಕೆ ಬರೀತೀಯ? ಶನಿವಾರದವರೆಗೆ ಬರೀಬೇಡ."

ಶನಿವಾರ ಏನು ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ. ಹೊಲಿಗೆಯಲ್ಲಿ ಉಳಿದಿದ್ದ ಗಂಜಿಬಟ್ಟೆಯ ಒಂದು ತುಂಡನ್ನು ಮಷೀನಿಗೆ ಹಾಕಿ ಒಗೆದೆ. ಒಣಗಿದ ಮೇಲೂ ಬಿರುಸಾಗಿಯೇ ಇತ್ತು. ಕಾರ್ಖಾನೆಯ ಲ್ಯಾಬಿನಲ್ಲಿ ಮಾಡುವ ಹಾಗೆ ಫಾರ್ಮಸಿಯಿಂದ ಟಿಂಚರ್ ಅಯೋಡಿನ್ ತಂದು ಒಂದು ಹನಿ ಹಾಕಿದೆ. ಗಂಜಿ ಇದ್ದರೆ ಅದು ಕಡು ನೀಲಿಯಾಗುತ್ತದೆ, ಇಲ್ಲದಿದ್ದರೆ ಕಂದಾಗಿಯೇ ಉಳಿಯುತ್ತದೆ. ನೀಲಿಯಾಯಿತು, ಕಪ್ಪು ಎನ್ನುವಷ್ಟು. ನೀರಿಗೆ ಕರಗುವುದು ಮೇಲ್ಮೇಲಿನ ಗಂಜಿ ಮಾತ್ರ, ಒಳಗಿನದು ಎಳೆ ಎಳೆಯನ್ನೂ ಕಚ್ಚಿ ಹಿಡಿದಿತ್ತು. ಜೋರಾಗಿ ಕುದಿಸಿ ಉಜ್ಜಿದರೆ ಹೊಲಿಗೆಯ ಮೇಣ ಹೋಗುತ್ತದೆ, ದಾರ ಸಡಿಲವಾಗುತ್ತದೆ.

ಅಷ್ಟರಲ್ಲಿ ಪಕ್ಕದ ಬೀದಿಯ ಗೆಳತಿ ಬಂದಳು. ಹುಬ್ಬಳ್ಳಿಯವಳು, ಮೊಮ್ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಊರೆಲ್ಲ ಸುತ್ತುತ್ತಾಳೆ.

"ಏನವಾ ಇದು, ಗರಾಜಿನ್ಯಾಗ ದ್ವಾಸಿ ಹಿಟ್ಟು ಇಟ್ಟೀಯೇನು? ಬೀದಿ ತನ್ಕಾ ವಾಸನಿ ಬರಾಕತ್ತೈತಿ."

ನನ್ನ ಗೋಳನ್ನು ಕೇಳಿ, ತಾನೂ ಒಂದು ಗೋಳು ಹೇಳಿಕೊಂಡಳು. "ನಮ್ಮ ಸೊಸಿ ಮೊಳಕಿ ಬರಿಸಿದ ರಾಗಿ ಹಿಟ್ಟಿನಾಗ ಕೂಸಿಗೆ ಗಂಜಿ ಮಾಡ್ತಾಳ ನೋಡು, ಎಷ್ಟ್ ಹಿಟ್ಟು ಹಾಕಿದ್ರೂ ನೀರಿಗ್ ನೀರು. ಅನ್ನದ ಗಂಜಿಯೊಳಗ ಒಂದ್ ಚಮಚ ಬೆರೆಸಿದ್ರ ಅದೂ ನೀರಾತು. ಕೂಸಿನ ಹೊಟ್ಟಿ ಹೆಂಗ್ ತುಂಬಬೇಕು?"

ನಾನು ಕೂತಲ್ಲಿಂದ ಎದ್ದುಬಿಟ್ಟೆ. ಸೀಟಿನ ಬಟ್ಟೆ ನೇಯುವ ಗಿರಣಿಯೊಂದಕ್ಕೆ ಕೆಲಸದ ಮೇಲೆ ಹೋಗಿದ್ದಾಗ ನೋಡಿದ್ದೆ: ನೇಯುವ ಮುಂಚೆ ಎಳೆಗೆ ಹಾಕಿದ ಗಂಜಿಯನ್ನು ಆಮೇಲೆ ಕಿಣ್ವದ ನೀರಿನಲ್ಲಿ ಕರಗಿಸಿ ತೆಗೆಯುತ್ತಾರೆ. ಮೊಳಕೆ ಕಾಳಿನಲ್ಲಿ ಇರುವುದೂ ಅದೇ ಕಿಣ್ವ. ಮಗುವಿನ ಗಂಜಿಯನ್ನು ನೀರು ಮಾಡಿದ್ದು ನನ್ನ ಡೇರೆಯ ಗಂಜಿಯನ್ನು ಯಾಕೆ ಬಿಟ್ಟೀತು?

ಅಂಗಡಿಯ ರಾಗಿ ಮಾಲ್ಟ್ ಮನೆಯಲ್ಲೇ ಇತ್ತು. ಬಿಸಿನೀರಿಗೆ ಕಲಸಿ, ಸೋಸಿ, ಬಟ್ಟೆ ತುಂಡನ್ನು ಮುಳುಗಿಸಿಟ್ಟೆ. ಅಯೋಡಿನ್ ಹಾಕಿದರೆ ಮತ್ತೆ ನೀಲಿ. ಗೆಳತಿ ಡಬ್ಬಿ ಮೂಸಿ ನೋಡಿ, "ಇದನ್ನ ಹುರಿದಾರ ಬಿಡು, ಘಮ್ಮಂತೈತಿ" ಎಂದಳು. ಸರಿಯೇ, ಹುರಿದರೆ ಕಿಣ್ವ ಸಾಯುತ್ತದೆ. ರಾಗಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಹುರಿಯದೆ ಫ್ಯಾನಿನ ಕೆಳಗೆ ಒಣಗಿಸಿ ಮಿಕ್ಸಿಗೆ ಹಾಕಿದೆ. ಈ ಸಲ ನೀರಿನ ಬಿಸಿಯನ್ನೂ ಮೈಸೂರುಪಾಕಿನ ಥರ್ಮಾಮೀಟರಿನಲ್ಲಿ ಅಳೆದು 140 ಡಿಗ್ರಿ ಫ್ಯಾರನ್‌ಹೀಟ್‌ನ ಆಸುಪಾಸಿನಲ್ಲೇ ಇಟ್ಟೆ. ತುಂಡನ್ನು ಹಿಂಡಿ, ತೊಳೆದು, ಅಯೋಡಿನ್ ಬಾಟಲಿ ತೆಗೆದೆ. ಹನಿ ಬಿತ್ತು. ಕಂದಾಗಿಯೇ ಉಳಿಯಿತು.

ಮಗಳಿಗೆ ಆ ಕಂದು ಚುಕ್ಕೆಯ ಫೋಟೋ ಕಳಿಸಿದೆ. "ಅಮ್ಮಾ, ವಾಟ್ ಈಸ್ ದಿಸ್?" ಎಂದು ಕೇಳಿದಳು. "ನಿನ್ನ ಡೇರೆ. ಶನಿವಾರ ಬಾ" ಎಂದೆ.

ಇಡೀ ಡೇರೆಗೆ ಇದನ್ನು ಮಾಡುವುದು ತುಂಡಿಗೆ ಮಾಡಿದಷ್ಟು ಸುಲಭವಲ್ಲ. ಬಿಸಿಗೆ ಡೇರೆ ಇನ್ನೂ ಕುಗ್ಗಬಹುದು, ರಾಗಿಯ ಕಲೆ ಕೂರಬಹುದು. ಒಮ್ಮೆ ಮುಳುಗಿಸಿದ ಮೇಲೆ ಹಿಂದಕ್ಕೆ ಬರುವ ದಾರಿಯಿಲ್ಲ. ಶನಿವಾರ ಬಂದ ಮಗಳನ್ನು ಕೇಳಿದೆ. ಅವಳು ತನ್ನ ವಕ್ರ ಹೊಲಿಗೆಯ ಮೇಲೆ ಒಮ್ಮೆ ಕೈಯಾಡಿಸಿ, "ಹಾಕು" ಎಂದಳು.

ಯುಗಾದಿಗೆ ನಮ್ಮೂರಿನ ಕನ್ನಡದವರೆಲ್ಲ ಸೇರಿ ಬಿಸಿಬೇಳೆಬಾತ್ ಮಾಡುವ ದೊಡ್ಡ ಕೊಪ್ಪರಿಗೆಯನ್ನೂ ಗ್ಯಾಸ್ ಒಲೆಯನ್ನೂ ಮನೆಯವರು ಕೇಳಿ ತಂದರು. ಹಿತ್ತಲಲ್ಲಿ ಒಲೆ ಹಚ್ಚಿ, ಸೋಸಿದ ರಾಗಿನೀರಿನಲ್ಲಿ ಡೇರೆಯನ್ನು ಮುಳುಗಿಸಿದೆವು. ಮಗಳು ಮರದ ಕೋಲಿನಲ್ಲಿ ತಿರುವಿದಳು, ನಾನು ಥರ್ಮಾಮೀಟರ್ ಹಿಡಿದು ಒಲೆಯ ಉರಿ ಏರಿಸಿ ಇಳಿಸಿ ಬೈಯುತ್ತಾ ನಿಂತೆ. ಬೇಲಿಯಾಚೆಯ ಅಂಕಲ್ ಏನಡುಗೆ ಎಂದು ಕೇಳಿದರು. "ಟೆಂಟು" ಎಂದೆ. ಅವರು ಒಳಗೆ ಹೋಗಿ ಆಂಟಿಯನ್ನೂ ಕರೆತಂದರು.

ನೀರು ಬದಲಿಸಿ ಬದಲಿಸಿ ತೊಳೆದು ಬಿಸಿಲಿಗೆ ಹರವಿದೆವು. ಅಂಚಿನಲ್ಲಿ, ನಡುವೆ, ಹೊಲಿಗೆಯ ಮಡಿಕೆಯಲ್ಲಿ, ಎಲ್ಲಿ ಹನಿ ಹಾಕಿದರೂ ಕಂದು. ಬೂಷ್ಟಿನ ಕಪ್ಪು ಬಿಸಿಲಿಗೆ ಮಾಸಿ, ಚುಕ್ಕೆಗಳು ಮಸುಕಾಗಿ ಉಳಿದವು. ಆದರೆ ನನ್ನ ಭಯ ನಿಜವಾಗಿತ್ತು, ಡೇರೆ ಕುಗ್ಗಿತ್ತು. ಕಂಬದ ಮೇಲೆ ಹಾಕಿದರೆ ಕೆಳಗಿನ ಅಂಚು ನೆಲ ಮುಟ್ಟದೆ ಮೇಲೆ ನಿಂತಿತು.

ನಾನು ತಲೆಮೇಲೆ ಕೈಹೊತ್ತೆ. ಮನೆಯವರು ಗರಗಸ ತಂದರು.

"ಬಟ್ಟೆ ಉದ್ದ ಮಾಡೋಕಾಗಲ್ಲ. ಕಂಬ ಗಿಡ್ಡ ಮಾಡೋಕಾಗುತ್ತಲ್ಲ."

ಇಂಜಿನಿಯರಾದ ನನಗೆ ಇದು ಹೊಳೆಯದೆ ಹೋಯಿತಲ್ಲ ಎಂದು ಉರಿದುಕೊಂಡೆ. ಎರಡು ಕಂಬ, ಒಂದು ಗಳ, ಮೂರರ ತುದಿಯೂ ಹೋಯಿತು. ಡೇರೆ ನಿಂತಿತು. ಬಟ್ಟೆಯ ನೇಯ್ಗೆ ಈಗ ಮೊದಲಿಗಿಂತ ಒತ್ತಾಗಿತ್ತು. ಪೈಪಿನಲ್ಲಿ ನೀರು ಬಿಟ್ಟೆವು. ಮೊದಲು ಒಳಗೆ ತುಸು ತುಂತುರು ಸಿಡಿದು, ಎಳೆ ಉಬ್ಬಿಕೊಂಡ ಮೇಲೆ ಅದೂ ನಿಂತಿತು. ಇಷ್ಟಾದರೂ ಪೈಪಿನ ನೀರು ಬೇರೆ, ಕಾಡಿನ ಮಳೆ ಬೇರೆ.

ಜೂನ್ ಶಿಬಿರದ ಬೆಳಿಗ್ಗೆ ಹಗ್ಗದ ಹೊರಗೆ, ಮರಗಳ ಪಕ್ಕ, ತಪಾಸಣೆಗೆಂದು ಬಿಟ್ಟ ಜಾಗದಲ್ಲಿ ಡೇರೆ ಹಾಕಿದೆವು. ತಪಾಸಣೆ ಮಾಡುವವರು ಗುಂಪಿನ ಹಿರಿಯರು, ಬಿಳಿ ಗಡ್ಡದ ಮನುಷ್ಯ, ಮಾತು ಕಡಿಮೆ. ಮಂಡಿಯೂರಿ ಒಂದೊಂದೇ ಕಣ್ಣನ್ನು ನೋಡಿದರು. ಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸಿದರು. ಎದ್ದು ನಿಂತು, ಇಂಗ್ಲಿಷಿನಲ್ಲಿ ಕೇಳಿದರು, "ಇದನ್ನು ಇಬ್ಬರು ಹೊಲಿದಿದ್ದಾರೆ, ಅಲ್ಲವೇ?"

"ಯೆಸ್ ಸರ್. ಮೈ ಮಾಮ್ ಅಂಡ್ ಮಿ."

"ಒಬ್ಬರಿಗೆ ತಾಳ್ಮೆ ಇದೆ," ಎಂದರು. ಯಾರಿಗೆಂದು ಹೇಳಲಿಲ್ಲ. ನನಗೇ ಎಂದು ನಾನು ಅಂದುಕೊಂಡೆ, ಮಗಳು ತನಗೇ ಎಂದುಕೊಂಡಳು, ಈವರೆಗೂ ಅದು ಇತ್ಯರ್ಥವಾಗಿಲ್ಲ. ಆಮೇಲೆ ಅವರು ಬಟ್ಟೆಗೆ ಮೂಗು ಹಚ್ಚಿದರು. ಯಾವುದರಲ್ಲಿ ತೊಳೆದಿರಿ ಎಂದು ಕೇಳಿದಾಗ ಮಗಳು ಗಂಜಿಯಿಂದ ರಾಗಿಯವರೆಗೆ ಒಂದನ್ನೂ ಮುಚ್ಚಿಡದೆ ಹೇಳಿದಳು. ಅವರು ಕೇಳಿಸಿಕೊಂಡು, ಬಿಯರ್ ಮಾಡುವವರು ಬಾರ್ಲಿಯಲ್ಲಿ ಇದನ್ನೇ ಮಾಡುತ್ತಾರೆ ಎಂದಷ್ಟೇ ಅಂದು ಆಕಾಶ ನೋಡಿದರು. "ಮಳೆ ಬಂದಾಗ ಬರುತ್ತೇನೆ."

ಮಳೆ ಮಧ್ಯಾಹ್ನಕ್ಕೆ ಬಂತು, ಧಾರಾಕಾರವಾಗಿ. ಅವರೂ ಬಂದರು, ಟೋಪಿ ತೆಗೆದು ಒಳಗೆ ಕೂತರು. ಮೂವರೂ ಮೇಲೆ ನೋಡುತ್ತಿದ್ದೆವು. ಮೊದಲು ಮುಖದ ಮೇಲೆ ಸಣ್ಣಗೆ ತುಂತುರು. ಆಮೇಲೆ ಅದೂ ನಿಂತಿತು. ಗಳದ ಉದ್ದಕ್ಕೂ ನೀರು ಹೊರಗೆ ಇಳಿಯುವುದು ಕಾಣುತ್ತಿತ್ತು, ಒಳಗೆ ಒಂದು ಹನಿಯಿಲ್ಲ. ಆಗ ಹಿರಿಯರು ಕೈಯೆತ್ತಿ, ಬೆರಳನ್ನು ಒದ್ದೆ ಬಟ್ಟೆಯತ್ತ ಚಾಚಿದರು.

ಮಗಳು ಅವರ ಮಣಿಕಟ್ಟನ್ನೇ ಹಿಡಿದುಬಿಟ್ಟಳು. "ಪ್ಲೀಸ್ ಡೋಂಟ್ ಟಚ್ ಇಟ್, ಸರ್. ಒಳಗಿಂದ ಮುಟ್ಟಿದರೆ ಅಲ್ಲಿ ಸೋರುತ್ತೆ," ಎಂದು ಗಾಬರಿಯಲ್ಲಿ ಅರ್ಧ ಇಂಗ್ಲಿಷಿನಲ್ಲೂ ಅರ್ಧ ಕನ್ನಡದಲ್ಲೂ ಹೇಳಿದಳು.

ದೊಡ್ಡವರ ಕೈ ಹಿಡಿದಳಲ್ಲ, ಮುಗಿಯಿತು ಎಂದುಕೊಂಡೆ. ಅವರು ಗಡ್ಡದೊಳಗೆ ನಕ್ಕರು. ಕೈ ಇಳಿಸಿ, ನಾನು ಎಲ್ಲರ ಡೇರೆಯಲ್ಲೂ ಬೆರಳು ಚಾಚುತ್ತೇನೆ, ತಡೆಯುವವರು ಕಡಿಮೆ ಎಂದರು. ಬಾಗಿಲಿನಿಂದ ತಲೆ ಹೊರಗೆ ಹಾಕಿ ಸಾಲಿನ ಕಡೆಗೆ ಕೂಗಿದರು: ಮಳೆ ನಿಂತ ಮೇಲೆ ಎಲ್ಲರೂ ಬನ್ನಿ, ಈ ಡೇರೆ ಒಳಗೆ ಬರುತ್ತಿದೆ.

ಮಗಳು ಅಳುತ್ತಿದ್ದಳು. ನಾನೂ. ಡೇರೆಯೊಳಗೆ ನೀರು ಸುರಿದದ್ದು ಅಷ್ಟೇ.

ಅವರಲ್ಲೊಂದು ಪದ್ಧತಿ. ಪಾಸಾದ ಡೇರೆಯನ್ನು ಕಳಚುವುದಿಲ್ಲ. ಗೂಟ ಕಿತ್ತು, ನಿಂತಿದ್ದ ಹಾಗೇ, ಎಲ್ಲರೂ ಸೇರಿ ಎತ್ತಿಕೊಂಡು ಸಾಲಿಗೆ ಒಯ್ಯುತ್ತಾರೆ. ಕಂಬಕ್ಕೊಬ್ಬರು, ಅಂಚಿನ ಹಗ್ಗಕ್ಕೊಬ್ಬರು. ಒದ್ದೆ ಬಟ್ಟೆ ಭಾರ, ಹಿಂದಿನ ಮೂಲೆಯೊಂದಕ್ಕೆ ಕೈ ಸಾಲದೆ ಜೋಲುತ್ತಿತ್ತು. ನಾನು ಓಡಿಹೋಗಿ ಹಿಡಿದೆ. ಸಾಲಿನ ಸುತ್ತ ಕಟ್ಟಿದ ಹಗ್ಗದ ಹತ್ತಿರ ಬಂದಾಗ ನಿಂತುಬಿಟ್ಟೆ. ಜೀನ್ಸ್ ಪ್ಯಾಂಟು, ಮಳೆಯ ಜಾಕೆಟ್ಟು. ಈ ಬಟ್ಟೆಯಲ್ಲಿ ಒಳಗೆ ಹೋಗುವಂತಿಲ್ಲ. ಮಗಳು ಎಷ್ಟು ಬೇಡಿದರೂ ಆ ಹಳೇ ಕಾಲದ ವೇಷ ನಾನು ಹಾಕೆನೆಂದು ಚಳಿಗಾಲದಿಂದ ಹಟ ಹಿಡಿದಿದ್ದೆ.

"ಅಮ್ಮಾ," ಎಂದಳು ಮುಂದಿನ ಕಂಬ ಹಿಡಿದವಳು, ತಿರುಗಿ ನೋಡದೆ, "ಬಿಡಬೇಡ."

ಹಿರಿಯರ ಹೆಂಡತಿ ತಮ್ಮ ಹೆಗಲ ಮೇಲಿನ ಉಣ್ಣೆಯ ಕಂಬಳಿಯನ್ನು ತೆಗೆದು ನನ್ನ ತಲೆಯಿಂದ ಮೊಣಕಾಲಿನವರೆಗೆ ಹೊದಿಸಿದರು. ನಾನು ಹಗ್ಗ ದಾಟಿದೆ.

ಸಾಲಿನ ಕೊನೆಯಲ್ಲಿ ಹುಲ್ಲಿನ ಮೇಲೆ ಡೇರೆ ಇಳಿಸಿದೆವು. ಮಗಳು ಮಂಡಿಯೂರಿ, ನಾನು ಬಿಚ್ಚಲು ಹೊರಟಿದ್ದ ಆ ವಕ್ರ ಹೊಲಿಗೆಯ ಕೆಳಗಿನ ಕಣ್ಣಿಗೆ ಹಗ್ಗ ಬಿಗಿದು, ಮರದ ಗೂಟವನ್ನು ನೆಟ್ಟಗೆ ಹಿಡಿದಳು. ಕೊಡತಿಯನ್ನು ನನ್ನ ಕೈಗೆ ಕೊಟ್ಟಳು.

"ಹೊಡಿ ಅಮ್ಮಾ. ಜೋರಾಗಿ."

ಹೊಡೆದೆ.